ಕರಾವಳಿಯ ಸೈಕಲ್ ಸವಾರಿಗೆ ಗಾಳಿಯ ಲೆಕ್ಕ, ಉಪ್ಪಿನ ಕಾಟ

ಕಾರವಾರ-ಮಂಗಳೂರು ದಾರಿಯನ್ನು ಉತ್ತರದಿಂದ ದಕ್ಷಿಣಕ್ಕೇ ತುಳಿಯಿರಿ. ಬೇಸಿಗೆ ಮಧ್ಯಾಹ್ನದ ಕಡಲಗಾಳಿ ಹೆಚ್ಚಾಗಿ ವಾಯವ್ಯದ್ದು, ಬೆನ್ನಿಗೆ ಸಿಗುತ್ತದೆ. ಹೆದ್ದಾರಿ 66 ಬೇಸರವಾದರೆ ತದಡಿಯಲ್ಲಿ ಸೈಕಲ್ ಸಮೇತ ದೋಣಿಯಲ್ಲಿ ಅಘನಾಶಿನಿ ನದಿ ದಾಟಿ ಕುಮಟಾಕ್ಕೆ ಒಳದಾರಿ ಹಿಡಿಯಬಹುದು. ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ; ಕಾರಿನವರಿಗೆ ಎಷ್ಟು ಬೇಗ ಮುಗಿದುಹೋಗುತ್ತದೆ, ಪಾಪ!

ನಿಜವಾದ ತಲೆನೋವು ಚೈನು. ಎಣ್ಣೆಗೆ ಅಂಟಿದ ಮರಳು ಕೊಂಡಿಗಳನ್ನು ಸವೆಸುತ್ತದೆ, ಉಪ್ಪುಗಾಳಿ ತುಕ್ಕು ಹಿಡಿಸುತ್ತದೆ. ಸಂಜೆ ಸಿಹಿನೀರಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಕೊಂಡಿಗೊಂದು ಹನಿ ಚೈನ್ ಎಣ್ಣೆ ಬಿಡಿ. ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿ. ತೆಂಗಿನೆಣ್ಣೆ ಮಾತ್ರ ಬೇಡ, ಧೂಳು ಸೇರಿ ಗೋಂದಾಗುತ್ತದೆ.

ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ರಸ್ತೆಗೆ 35 ಮಿ.ಮೀ. ಟೈರ್ ಸಾಕು, ಗಾಳಿ ಸ್ವಲ್ಪ ಇಳಿಸಿ. ಅಲ್ಲಿನ ಕುಲುಕಾಟಕ್ಕೆ ಮೊದಲು ಸಡಿಲವಾಗುವುದು ಕ್ಯಾರಿಯರ್ ಬೋಲ್ಟು. ದಿನಾ ಬೆಳಿಗ್ಗೆ ಅಲೆನ್ ಕೀ ಹಾಕಿ ನೋಡಿ.