ಮೂತ್ರ ಸರಿಯಾಗೇ ಹೋಗ್ತಿತ್ತಲ್ಲ, ಕಿಡ್ನಿ ಹೇಗೆ ಹೋಯ್ತು?

ನಾನು ಡಯಾಲಿಸಿಸ್ ಟೆಕ್ನಿಷಿಯನ್. ಹೊಸದಾಗಿ ಬರುವ ಪೇಷೆಂಟ್‌ಗಳ ಮನೆಯವರು ಫೈಲ್ ಕಂಕುಳಲ್ಲಿ ಇಟ್ಟುಕೊಂಡೇ ನನ್ನನ್ನು ಈ ಪ್ರಶ್ನೆ ಕೇಳುತ್ತಾರೆ. ಮೂತ್ರ ಬಂದರೆ ಕಿಡ್ನಿ ಚೆನ್ನಾಗಿದೆ ಅಂತಲೇ ಎಲ್ಲರೂ ಅಂದುಕೊಂಡಿರುವುದು, ಅಲ್ವಾ?

ಲೆಕ್ಕ ನೋಡಿ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಮೂತ್ರವಾಗಿ ಹೊರಗೆ ಬರುವುದು ಒಂದೂವರೆ ಲೀಟರ್ ಅಷ್ಟೇ, ಉಳಿದದ್ದು ವಾಪಸ್ ರಕ್ತಕ್ಕೆ. ಸೋಸುವುದು 30 ಲೀಟರಿಗೆ ಇಳಿದರೂ ಮೂತ್ರ ಮೊದಲಿನಷ್ಟೇ ಬರಬಹುದು. ರಕ್ತದಲ್ಲಿ ಎಷ್ಟು ಕಸ ಉಳಿಯಿತು ಅನ್ನುವುದು ಬಚ್ಚಲಲ್ಲಿ ಕಾಣುವುದಿಲ್ಲ.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ, ಅಂದರೆ ರಕ್ತ ಸೋಸುವ ಸಣ್ಣ ಸಣ್ಣ ಘಟಕಗಳು. ಪ್ರತಿಯೊಂದರ ತುದಿಯಲ್ಲೂ ಸಣ್ಣ ರಕ್ತನಾಳಗಳ ಒಂದು ಉಂಡೆ, ಅದನ್ನು ಬೆರಳು ಹೆಣೆದ ಹಾಗೆ ತಬ್ಬಿಕೊಂಡಿರುವ ಪೋಡೋಸೈಟ್ ಅನ್ನುವ ಜೀವಕೋಶಗಳು. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಈ ಹಿಡಿತ ಸಡಿಲವಾಗಿ ಕೋಶಗಳು ಕಳಚಿಕೊಂಡು ಮೂತ್ರದಲ್ಲೇ ಕೊಚ್ಚಿಹೋಗುತ್ತವೆ. ಚರ್ಮ ತರಚಿದರೆ ಮತ್ತೆ ಬೆಳೆಯುತ್ತದೆ, ಇವು ಹಾಗಲ್ಲ, ಹೋದವು ಹೆಚ್ಚುಕಡಿಮೆ ಹೋದಂತೆಯೇ. ಆ ಜಾಗದಿಂದ ಪ್ರೋಟೀನ್ ಸೋರುತ್ತದೆ, ನಿಧಾನವಾಗಿ ಉಂಡೆ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ.

ಆಗ ಅದರ ಕೆಲಸವೂ ಉಳಿದ ನೆಫ್ರಾನ್‌ಗಳ ತಲೆಗೆ. ನಮ್ಮ ಯೂನಿಟ್‌ನಲ್ಲಿ ಇಬ್ಬರು ರಜೆ ಹಾಕಿದ ದಿನ ನಮ್ಮ ಪಾಡು ಹೇಗಿರುತ್ತದೋ ಹಾಗೇ. ಅವು ಊದಿಕೊಂಡು, ಒಳಗೆ ಪ್ರೆಶರ್ ಏರಿಸಿಕೊಂಡು ದುಡಿಯುತ್ತವೆ, ಆ ಪ್ರೆಶರ್‌ಗೆ ಅವುಗಳ ಪೋಡೋಸೈಟ್‌ಗಳೂ ಕಳಚುತ್ತವೆ. ಅದಕ್ಕೇ ಕೊನೆಗೆ ಶುಗರ್ ಹತೋಟಿಗೆ ಬಂದರೂ ಕಿಡ್ನಿ ಕುಸಿಯುತ್ತಲೇ ಹೋಗಬಹುದು. ಇಷ್ಟಾದರೂ ಸುಮಾರು ಅರ್ಧ ಕೆಲಸ ನಿಲ್ಲುವವರೆಗೂ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಒಂದು ಕಸ) ರಕ್ತದಲ್ಲಿ ಎಷ್ಟಿದೆ ಅನ್ನುವ ರಿಪೋರ್ಟ್ ನಾರ್ಮಲ್ ಅಂತಲೇ ಬರಬಹುದು! ಮೊದಲೇ ಸುಳಿವು ಕೊಡುವುದು ಮೂತ್ರದ ಅಲ್ಬುಮಿನ್ ಟೆಸ್ಟ್, ಅಲ್ಬುಮಿನ್ ಅಂದರೆ ಹಾಗೆ ಸೋರುವ ಒಂದು ಪ್ರೋಟೀನ್. ಶುಗರ್ ಇರುವವರು ವರ್ಷಕ್ಕೊಮ್ಮೆ ಮಾಡಿಸಬೇಕು, ಮಾಡಿಸುವುದೇ ಇಲ್ಲ.

ಇನ್ನೊಂದು. ಪ್ರೋಟೀನ್ ಸೋರುವವರಿಗೆ ಡಾಕ್ಟರ್ ಕೊಡುವ ಕೆಲವು ಬಿಪಿ ಮಾತ್ರೆಗಳು ಆ ಉಂಡೆಯೊಳಗಿನ ಪ್ರೆಶರನ್ನೂ ಇಳಿಸುತ್ತವೆ. ಬಿಪಿ ನಾರ್ಮಲ್ ಆಯ್ತಲ್ಲ ಅಂತ ಸುಮ್ನೆ ನಿಲ್ಲಿಸಿಬಿಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಹೋದ ತಿಂಗಳು ಒಬ್ಬರ ಹೆಂಡತಿಗೆ ಇದನ್ನೆಲ್ಲ ಹೇಳಿ, ಮೂತ್ರದಲ್ಲಿ ನೊರೆ ಬರ್ತಿತ್ತಾ ಅಂತ ಕೇಳಿದೆ. ಪ್ರೋಟೀನ್ ಸೋರಿದರೆ ನೊರೆ ಬರಬಹುದು. ಯಾವಾಗಲೋ ಒಮ್ಮೆ ಬಂದರೆ ಗಾಬರಿ ಬೇಡ, ದಿನಾ ಬಂದು ನಿಂತರೆ ತೋರಿಸಿಕೊಳ್ಳಬೇಕು. ಆಕೆ ಸ್ವಲ್ಪ ಹೊತ್ತು ಗಂಡನ ಕೈಯ ಟ್ಯೂಬನ್ನೇ ನೋಡುತ್ತಿದ್ದರು. "ಎರಡು ವರ್ಷದಿಂದ ಬರ್ತಿತ್ತು ಸರ್, ನಾನು ಫಿನಾಯಿಲ್ ಜಾಸ್ತಿ ಹಾಕ್ತೀನಿ, ಅದಕ್ಕೇ ಅಂತ ಇವರು ಬೈತಿದ್ರು" ಅಂದರು.