ಎರಡು ಹೆಚ್ಚಿನ ತೂತುಗಳು

ಕಳೆದ ಶ್ರಾವಣದ ಒಂದು ಮಳೆಯ ಮಧ್ಯಾಹ್ನ ಧಾರವಾಡದ ಮಾಳಮಡ್ಡಿಯಲ್ಲಿರುವ ಗೆಳೆಯರ ಮನೆಯಲ್ಲಿ ಕುಳಿತು, ಅಮೆರಿಕದಲ್ಲಿದ್ದ ಪಿಸ್ತೂಲಿನ ನಳಿಗೆಯೊಂದರ ಬೆಲೆ ಕಟ್ಟುವ ಪ್ರಸಂಗ ನನಗೆ ಬಂತು. ಗೆಳೆಯರ ಅಣ್ಣ ನ್ಯೂ ಹ್ಯಾಂಪ್‌ಶೈರಿನಲ್ಲಿ ತೀರಿಕೊಂಡಿದ್ದರು. ಅವರ ಸಾಮಾನಿನಲ್ಲಿ ಸಿಕ್ಕ ಥಾಂಪ್ಸನ್ ಸೆಂಟರ್ ಕಂಟೆಂಡರ್ ಪಿಸ್ತೂಲಿನ ಹಳೆಯ ನಳಿಗೆಯ ಚಿತ್ರಗಳನ್ನು ವೈನಿಯವರು ಕಳಿಸಿದ್ದರು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ ಮೂವತ್ತೊಂದು ವರ್ಷ ಲೇತ್ ಮೇಲೆ ದುಡಿದವನೆಂದು, ಬಂದೂಕುಗಳ ರಚನೆಯ ಬಗ್ಗೆ ಓದುವ ಹವ್ಯಾಸ ಉಳ್ಳವನೆಂದು ನನ್ನನ್ನು ಕರೆಸಿದ್ದರು.

"ಇದಕ್ಕ ಎಷ್ಟು ಡಾಲರ್ ಬರಬಹುದರೀ?" ಎಂದು ಗೆಳೆಯರು ಕೇಳಿದರು.

1967ರಲ್ಲಿ ಮಾರುಕಟ್ಟೆಗೆ ಬಂದ ಈ ಪಿಸ್ತೂಲು ಒಂದೇ ಗುಂಡಿನದು. ಅದರ ಕೀಲನ್ನು ತೆಗೆದು ನಳಿಗೆ ಬದಲಿಸಿದರೆ ಅದೇ ಚೌಕಟ್ಟು, ಎಂದರೆ ಹಿಡಿಕೆ ಮತ್ತು ಕುದುರೆ ಇರುವ ಭಾಗ, ಬೇರೆ ಅಳತೆಯ ತೋಟೆಯನ್ನು ಹಾರಿಸುತ್ತದೆ. ಆದ್ದರಿಂದ ಒಂದು ಚೌಕಟ್ಟಿಗೆ ನಾಲ್ಕಾರು ನಳಿಗೆ ಕೂಡಿಸಿಡುವವರು ಬಹಳ. ಅಲ್ಲಿ ಕ್ರಮಸಂಖ್ಯೆ ಇರುವುದು ಚೌಕಟ್ಟಿನ ಮೇಲೆ, ನಳಿಗೆಯ ಮೇಲಲ್ಲ. ಹೀಗಾಗಿ ನಳಿಗೆಯ ವಯಸ್ಸನ್ನು ಅದರ ಆಕಾರ ಮತ್ತು ಅಚ್ಚೊತ್ತಿದ ಅಕ್ಷರಗಳಿಂದಲೇ ಓದಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಡಿಭಾಗಗಳನ್ನೂ ಶಸ್ತ್ರವೆಂದೇ ಎಣಿಸುವುದರಿಂದ, ಅದನ್ನು ಇಲ್ಲಿಗೆ ತರಿಸಿ ಕೈಯಲ್ಲಿ ಹಿಡಿದು ನೋಡುವ ಮಾತೇ ಇರಲಿಲ್ಲ.

ಚಿತ್ರದಲ್ಲಿದ್ದದ್ದು ಎಂಟು ಮುಖದ ನಳಿಗೆ. ಕಂಟೆಂಡರಿನ ಮೊದಲ ವರ್ಷಗಳ ನಳಿಗೆಗಳ ಆಕಾರವೇ ಅದು. ಪಕ್ಕದಲ್ಲಿ .22 ಜೆಟ್ ಎಂಬ ಅಚ್ಚು ಇತ್ತು. 1961ರಲ್ಲಿ ರೆಮಿಂಗ್ಟನ್ ಕಂಪನಿ ತಂದ ಈ ತೋಟೆ ರಿವಾಲ್ವರಿನಲ್ಲಿ ಹಿಂದಕ್ಕೆ ಸರಿದು, ತೋಟೆಗಳನ್ನು ಹೊತ್ತು ತಿರುಗುವ ಸಿಲಿಂಡರನ್ನು ಬಿಗಿಹಿಡಿಯುತ್ತಿದ್ದುದರಿಂದ ಹೆಚ್ಚು ದಿನ ನಡೆಯಲಿಲ್ಲ. ಬಳಸುವವರು ಕಡಿಮೆಯಾದ ತೋಟೆಯ ನಳಿಗೆಯನ್ನು ಸಂಗ್ರಾಹಕರು ಹುಡುಕುತ್ತಾರೆ ಎಂಬುದು ನನ್ನ ಎದೆಬಡಿತವನ್ನು ಹೆಚ್ಚಿಸಿತ್ತು.

ಆದರೂ ನಾನು ಬೆಲೆ ಹೇಳಲಿಲ್ಲ. ಮೊದಲು ಅಂಚುಗಳನ್ನು ನೋಡಿದೆ. ಉಕ್ಕಿನ ನೀಲಿಗಪ್ಪು ಬಣ್ಣ ಮಾಸಿದಾಗ ಅದನ್ನು ಉಜ್ಜಿ ಮತ್ತೆ ಬಣ್ಣ ಕಟ್ಟಿಸುವವರುಂಟು. ಉಜ್ಜಿದ ನಳಿಗೆಯಲ್ಲಿ ಮುಖಗಳು ಕೂಡುವ ಗೆರೆ ದುಂಡಾಗುತ್ತದೆ, ಅಕ್ಷರಗಳ ಅಂಚು ಕರಗಿದಂತಾಗುತ್ತದೆ, ಮತ್ತು ಇಷ್ಟನ್ನು ಪಾಲಿಶ್ ಚಕ್ರದ ಮುಂದೆ ನಿಂತು ಬೆರಳು ಸುಟ್ಟುಕೊಂಡವನಿಗೆ ಯಾರೂ ಕಲಿಸಬೇಕಾಗಿಲ್ಲ. ಇಲ್ಲಿ ಗೆರೆಗಳು ಚಾಕುವಿನಂತೆ ಹರಿತವಾಗಿದ್ದವು. ಬಣ್ಣ ಬಾಯಿಯ ಬಳಿ ಮಾತ್ರ ತುಸು ಸವೆದಿತ್ತು. ಆ ಸವೆತ ನನಗೆ ಹೊಸ ಬಣ್ಣಕ್ಕಿಂತ ಪ್ರಿಯವಾಯಿತು. ಅಂದೇ ರಾತ್ರಿ ಇನ್ನಷ್ಟು ಚಿತ್ರಗಳನ್ನು ತರಿಸಿಕೊಂಡೆವು. ಒಂದು ತುದಿಯಿಂದ ಬೆಳಕು ಬಿಟ್ಟು ತೆಗೆದ ಚಿತ್ರದಲ್ಲಿ ಒಳಗಿನ ಸುರುಳಿ ಗೀರುಗಳು ತುಕ್ಕಿಲ್ಲದೆ ಹೊಳೆಯುತ್ತಿದ್ದವು.

ಮೇಲ್ಭಾಗದ ಚಿತ್ರದಲ್ಲಿ ಮಾತ್ರ, ಕಾರ್ಖಾನೆಯ ತೂತುಗಳಾಚೆ, ಸಾಲು ತಪ್ಪಿದ ಇನ್ನೆರಡು ತೂತುಗಳು ಕಂಡವು. ದುರ್ಬೀನು ಕೂಡಿಸಲು ಯಾರೋ ಕೊರೆಸಿದ್ದರು. ಡ್ರಿಲ್ ತುಸು ವಾಲಿದ್ದು ಕೂಡ ತಿಳಿಯುತ್ತಿತ್ತು. ನನಗೆ ನಿಜವಾಗಿ ಸಂಕಟವಾಯಿತು. ಗುರಿ ಹೊಡೆಯುವವನಿಗೆ ಆ ತೂತುಗಳಿಂದ ನಷ್ಟವಿಲ್ಲ. ಕಾರ್ಖಾನೆಯಿಂದ ಬಂದ ಹಾಗೆಯೇ ಇರಬೇಕೆನ್ನುವ ಸಂಗ್ರಾಹಕನು ಮಾತ್ರ ಬೆಲೆಯ ದೊಡ್ಡ ಪಾಲನ್ನು ಅಲ್ಲೇ ಕಡಿಯುತ್ತಾನೆ.

"ತೂತು ಮುಚ್ಚಿಸಿದರ ನಡೀತದೇನು ಅಂತ ವೈನಿ ಕೇಳ್ಯಾರ," ಎಂದರು ಗೆಳೆಯರು.

"ಬ್ಯಾಡ್ರಿ," ಎಂದೆ. ತುಂಬಿಸಿ ಬಣ್ಣ ಕಟ್ಟಿದರೆ ಉಳಿದಿರುವ ಹಳೆಯ ಮೇಲ್ಮೈಯೂ ಹೋಗುತ್ತದೆ, ಕೊಳ್ಳುವವನಿಗೆ ಮುಚ್ಚಿಟ್ಟಂತೆಯೂ ಆಗುತ್ತದೆ. ತೂತುಗಳ ಚಿತ್ರವನ್ನೇ ಮೊದಲು ತೋರಿಸಿ, ಅಪರೂಪದ ತೋಟೆಯದೆಂದು ತಿಳಿಸಿ, ಸಂಗ್ರಹದ ದರದಿಂದಲ್ಲ, ಗುರಿ ಹೊಡೆಯಲು ಬಳಸುವ ನಳಿಗೆಯ ದರದಿಂದ ಮಾತು ಆರಂಭಿಸಲಿ ಎಂದು ಬರೆಸಿದೆ. ಮರುದಿನ ಬೆಳಿಗ್ಗೆ ವೈನಿಯವರ ಉತ್ತರ ಬಂತು: ನಳಿಗೆಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಅದನ್ನು ಉಜ್ಜಲೆಂದು ತಂದಿದ್ದ ಪಾಲಿಶ್ ಡಬ್ಬಿಯನ್ನು ಅಂಗಡಿಗೆ ಮರಳಿಸಿದ್ದರು.