ಮೊದಲ ತುತ್ತು

ಮೈಸೂರಿನ ದೇವರಾಜ ಮಾರುಕಟ್ಟೆಯ ಹತ್ತಿರ ನಾರುಬೇರು, ಚೂರ್ಣ ಮಾರುವ ಗ್ರಂಥಿಗೆ ಅಂಗಡಿಯ ಹಿರಿಯರು ಚೂರ್ಣದ ಡಬ್ಬಿಗೆ ಕೈ ಹಾಕುವ ಮೊದಲು ಕೇಳಿದರು: "ಊಟ ಎಷ್ಟು ಹೊತ್ತಿಗೆ ತಾಯಿ?" ಅತ್ತಿಗೆ ಯೋಚಿಸಲೂ ಇಲ್ಲ. "ಎಲ್ಲರದೂ ಆದ ಮೇಲೆ" ಎಂದರು.

ಅವರು ಕೇಳಿದ್ದು ಗಂಟೆ, ಇವರು ಹೇಳಿದ್ದು ಸರದಿ. ಈ ವಾರವೆಲ್ಲ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ನನಗೆ ಅದೇ ಉತ್ತರ ಕೇಳಿಸುತ್ತಿದೆ.

ಹಿಂದಿನ ದಿನ ಅಪ್ಪನ ತಿಥಿ. ಅತ್ತಿಗೆಗೆ ಹೊಟ್ಟೆ ಉಬ್ಬರ ಎಂಬ ಸುದ್ದಿ ಎಲೆ ಎತ್ತಿದ ಮೇಲೆ ಅದು ಹೇಗೋ ಹಜಾರಕ್ಕೆ ಬಂತು. ವೀಳ್ಯ ಮೆಲ್ಲುತ್ತಿದ್ದವರೆಲ್ಲ ವೈದ್ಯರಾದರು. ದೊಡ್ಡಮ್ಮನದು ಓಮದ ಕಷಾಯ. ಸೋದರತ್ತೆಯದು ಇಂಗು ಕದಡಿದ ನೀರುಮಜ್ಜಿಗೆ. ಸಾಗರದ ಕಡೆಯವರು ದೊಡ್ಡಪತ್ರೆ ತಂಬುಳಿಯ ಗುಣಗಾನ ಮಾಡಿದರು: ಎಲೆಯನ್ನು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಬೇಕು. ಯಾರು ರುಬ್ಬಬೇಕು ಎಂದು ಯಾರೂ ಹೇಳಲಿಲ್ಲ. ನನ್ನ ಅಣ್ಣ ಮೊಬೈಲ್ ನೋಡಿ ಶುಂಠಿ, ನಿಂಬೆರಸದ ಪ್ರಮಾಣ ಓದಿದ. ಒಳ್ಳೆಯವನು, ಆದರೆ ಅಡುಗೆಮನೆಯಲ್ಲಿ ನೀರಿನ ಲೋಟ ಎಲ್ಲಿರುತ್ತದೆ ಎಂದು ಈಗಲೂ ಕೂಗಿ ಕೇಳುವವನು. ಇಷ್ಟು ಮದ್ದು ಹೇಳುವ ಹೊತ್ತಿಗೆ ಗಂಟೆ ನಾಲ್ಕು ದಾಟಿತ್ತು. ಅತ್ತಿಗೆ ಇನ್ನೂ ಊಟ ಮಾಡಿರಲಿಲ್ಲ.

ಆ ಮದ್ದುಗಳನ್ನು ನಾನು ಹೀಗಳೆಯುತ್ತಿಲ್ಲ. ಓಮದ ಘಾಟಿಗೆ ಕಾರಣವಾದ ಥೈಮಾಲ್ ಕರುಳಿನ ಹಿಡಿತವನ್ನು ಸಡಿಲಿಸಬಲ್ಲದು. ಬೇಳೆಕಾಳಿನ ಅಡುಗೆಗೆ ಇಂಗು ಹಾಕುವುದು ಬರಿಯ ಘಮಕ್ಕಲ್ಲ. ಹೊಟ್ಟೆಯನ್ನು ನಿರ್ಲಕ್ಷಿಸಿ ಬರಿ ಕಷಾಯ ಕುಡಿಸುವ ಪೈಕಿಯೂ ನಾನಲ್ಲ. ಹೊಸದಾಗಿ ಶುರುವಾದ ಉಬ್ಬರ ವಾರಗಟ್ಟಲೆ ಇಳಿಯದಿದ್ದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ತೂಕ ಇಳಿದರೆ, ಅದರಲ್ಲೂ ಐವತ್ತು ದಾಟಿದ ಹೆಂಗಸರು, ಸ್ಕ್ಯಾನಿಂಗ್ ಮಾಡಿಸಲೇಬೇಕು. ಅಂಡಾಶಯದ ಕ್ಯಾನ್ಸರ್ ಕೂಡ ಗ್ಯಾಸ್ಟ್ರಿಕ್‌ನ ವೇಷದಲ್ಲಿ ಬರುತ್ತದೆ. ಅತ್ತಿಗೆಗೆ ಸ್ಕ್ಯಾನಿಂಗ್, ಎಂಡೋಸ್ಕೋಪಿ ಎರಡೂ ಆಗಿವೆ. ಹುಣ್ಣಿಲ್ಲ, ಗೆಡ್ಡೆಯಿಲ್ಲ, ಪೈಲೋರಿ ಬ್ಯಾಕ್ಟೀರಿಯಾ ಇಲ್ಲ. ಡಾಕ್ಟರು ಮಾತ್ರೆ ಬರೆದು "ಹೊತ್ತಿಗೆ ಸರಿಯಾಗಿ ಊಟ ಮಾಡಿ" ಎಂದರಂತೆ. ಚೀಟಿಯ ಕೊನೆಯ ಸಾಲನ್ನು ಮನೆಯಲ್ಲಿ ಯಾರು ಓದುತ್ತಾರೆ?

ಬೆಳಗಿನಿಂದ ಖಾಲಿ ಹೊಟ್ಟೆಗೆ ಎರಡು ಮೂರು ಕಾಫಿ, ಹಸಿವು ಸತ್ತ ಮೇಲೆ ಆರಿದ ಅನ್ನ, ಅದೂ ನಿಂತುಕೊಂಡೇ ಗಬಗಬನೆ. ಅನ್ನದ ಜೊತೆ ಗಾಳಿಯನ್ನೂ ನುಂಗಿದರೆ ಹೊಟ್ಟೆ ಉಬ್ಬದೆ ಏನಾದೀತು? ನಮ್ಮ ಅಮ್ಮನೂ ಹೀಗೆಯೇ ಉಂಡವಳು. ಅವಳ ತಲೆದಿಂಬಿನ ಪಕ್ಕ ಸದಾ ಒಂದು ಜೀರಿಗೆ ಡಬ್ಬಿ ಇರುತ್ತಿತ್ತು. ಹೆಂಗಸರ ಗ್ಯಾಸ್ಟ್ರಿಕ್ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಹೊಟ್ಟೆಯದು, ಎಷ್ಟು ಪಾಲು ಪಂಕ್ತಿಯದು?

ಅಂಗಡಿಯವರು ಹಿಂಗ್ವಾಷ್ಟಕ ಚೂರ್ಣ ಕೊಟ್ಟರು. ಇಂಗು, ಶುಂಠಿ, ಮೆಣಸು, ಹಿಪ್ಪಲಿ, ಅಜಮೋದ, ಎರಡು ಬಗೆಯ ಜೀರಿಗೆ, ಸೈಂಧವ ಲವಣ: ಎಂಟು ಸಾಮಾನು. ಉಪ್ಪಿರುವುದರಿಂದ ಬಿಪಿ ಇದೆಯೇ ಎಂದೂ ವಿಚಾರಿಸಿದರು. ಇಲ್ಲವೆಂದ ಮೇಲೆ ಕ್ರಮ ಹೇಳಿದರು: ಬಿಸಿ ಅನ್ನಕ್ಕೆ ತುಪ್ಪ ಹಾಕಿ, ಚಿಟಿಕೆ ಚೂರ್ಣ ಕಲಸಿ, ಮೊದಲ ತುತ್ತಿನಲ್ಲೇ ತಿನ್ನಬೇಕು. ಇದು ಅವರ ಸ್ವಂತ ಕಲ್ಪನೆಯಲ್ಲ, ಆಯುರ್ವೇದ ಹೇಳುವುದೂ ಹಾಗೆಯೇ. "ಆರಿದ ಅನ್ನಕ್ಕೆ ಬೇಡ ತಾಯಿ" ಎಂದು ಒತ್ತಿ ಹೇಳಿದರು. ಅತ್ತಿಗೆಯ ಮುಖ ನೋಡಿಯೇ ಹೇಳಿದರೋ ಏನೋ. ನನಗಂತೂ ಅವರ ಕಾಲಿಗೆ ಬೀಳಬೇಕೆನಿಸಿತು.

ನಿನ್ನೆ ಅತ್ತಿಗೆ ಫೋನ್ ಮಾಡಿದ್ದರು. ಒಂದು ಗಂಟೆಗೆಲ್ಲ ಕುಕ್ಕರ್ ಇಳಿಸಿ ಮೊದಲು ತಾವೇ ತಟ್ಟೆ ಹಾಕಿಕೊಳ್ಳುತ್ತಾರಂತೆ. ಉಬ್ಬರ ಇಳಿಯಿತೇ ಎಂದರೆ "ಪರವಾಗಿಲ್ಲ, ರಾತ್ರಿ ನಿದ್ದೆ ಬರುತ್ತಿದೆ" ಎಂದರು. ಚೂರ್ಣದ್ದೋ, ಬಿಸಿ ಅನ್ನದ್ದೋ, ಯಾರು ಬಲ್ಲರು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲವೇ ಎಂದು ಕೇಳಿದೆ. "ಔಷಧಿ ಅಲ್ಲವೇ, ಏನನ್ನುತ್ತಾರೆ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹಸಿವು ಎಂದು ಹೇಳಿ ಕೂರಲಾಗದ ಹೆಂಗಸು ಔಷಧಿ ಎಂದು ಹೇಳಿ ಕೂತಿದ್ದಾರೆ, ಅಷ್ಟೇ.

ಅಣ್ಣನದು ಒಂದೇ ವಿಚಾರಣೆಯಂತೆ: "ಇದನ್ನು ಎಷ್ಟು ದಿನ ತೆಗೆದುಕೊಳ್ಳಬೇಕು?" ಡಬ್ಬಿ ಮುಗಿಯುವವರೆಗೆ ಎಂದಿದ್ದಾರೆ ಅತ್ತಿಗೆ. ಡಬ್ಬಿ ಖಾಲಿಯಾದ ಮೇಲೆ ಅದಕ್ಕೆ ಜೀರಿಗೆ ಪುಡಿ ತುಂಬಿಟ್ಟುಕೊಳ್ಳಿ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೇಳಿಕೊಟ್ಟಿದ್ದೇನೆ.